ಪಾಲಿನ ಗ್ವಾಡಿ

ಮೈಂದರ್ಗಿಯಿಂದ ಬಂದ ಹುಡುಗ, ಹೆಸರು ರೇವಪ್ಪ,
ದುಧನಿಯ ನಮ್ಮ ಓಣಿ ಕಂಬದಿಂದ
ಎಳಕೊಂಡು ಬಂದ ಒಂದು ಎಳಿ.
“ಒಳಗ ಗಾಜು ಅದ ಕಾಕಿ, ಮಡಚಬ್ಯಾಡ್ರಿ.
ಮುರದ್ರ ಬೆಳಕು ಅಲ್ಲೇ ನಿಂದರತದ.”
ಹೊಲಿಗಿ ದಾರದಷ್ಟೇ ಸಣ್ಣದು.
ಸೂಜಿ ಪೋಣಿಸೂ ಕಣ್ಣಿಲೆ ನೋಡಿನಿ.

ಪೆಟ್ಟಿಗಿ ಎರಡು.
ಒಂದು ಆ ಬೆಳಕು ಓದತದಂತ, ಮೋಡೆಮ್.
ನಾಕು ಕೋಡಿಂದು ರೂಟರ್,
ಓದಿದ್ದನ್ನ ಮನಿ ತುಂಬ ಹಂಚತದಂತ.
ಕರೆಂಟ್ ಹೋದ್ರ? ಅಂದೆ.
ಎರಡೂ ಮಲಗತಾವ, ಅಂದ.

ಕಾಣದ ಅಲಿಯಾಗೂ ಎರಡು ಜಾತಿ ಅವಂತ.
ಐದರದು ಓಡತದ, ಗ್ವಾಡಿ ಕಂಡ್ರ ಅಂಜತದ.
ಎರಡು ಪಾಯಿಂಟ್ ನಾಕರದು ನಿಧಾನ,
ಖರೆ ಗ್ವಾಡಿ ದಾಟಿ ಹೋಗತದ.
ನನಗ ತಿಳೀತು:
ಒಂದು, ಕಿವ್ಯಾಗ ಗಡಬಡಿಸಿ ಪಿಸುಗುಡೂ ಹೊಸ ಸೊಸಿ.
ಇನ್ನೊಂದು, ಓಣಿ ಆ ತುದಿಯಿಂದ
“ಮೆಂತೇ ಪಲ್ಲೇ” ಅಂತ ಎಳದು ಕೂಗೂ ಚಂದಮ್ಮ.

ಆದ್ರೂ ಅಡಗಿಮನಿಯಾಗ ಸೊನ್ನಿ.
ಮಾವನ ಮುತ್ಯಾ ಕಟ್ಟಿಸಿದ್ದು ಆ ಗ್ವಾಡಿ,
ಕಲ್ಲು, ಮಣ್ಣು, ಎರಡು ಮೊಳ ದಪ್ಪ.
ವೈಶಾಖದ ಬಿಸಲೇ ಒಳಗ ಬರಾಂಗಿಲ್ಲ.
ಅದರ ಮುಂದ ಸ್ಟೀಲಿನ ಡ್ರಮ್ಮು ಬ್ಯಾರೆ.
“ನೀರು ನುಂಗತದ, ಸ್ಟೀಲು ಹೊಳ್ಳಿ ಒಗೀತದ,”
ಅಂದ ರೇವಪ್ಪ, ಡ್ರಮ್ಮು ಬಡದು ನೋಡಿ.
ಮಾಡದಾಗ ಇಡಲೇನಪಾ, ದೀಪ ಇಡತಿದ್ದೆವಲ್ಲ?
ಬ್ಯಾಡ್ರಿ, ಮೂರೂ ಕಡಿ ಕಲ್ಲು.
ನಡುಬಾಗಲಕ್ಕ ಒಂದು ರಿಪೀಟರ್ ಹಾಕ್ರಿ,
ಹನ್ನೊಂದುನೂರಾ ಐವತ್ತು.
ದೀವಳಗಿಗೆ ನೋಡೂಣು, ಅಂದೆ.

ಫೋನು ಹಿಡದು ಮನಿ ತುಂಬ ತಿರಗಿದ.
ಪಡಸಾಲಿ ಆ ಬದಿಗೆ ಹೋಗಿ ನಿಂತ.
“ಕಾಕಿ, ಇಲ್ಲಿ ಪೂರ್ತಿ ಅದ.
ಈ ಗ್ವಾಡಿ ಆಚಿ ಯಾರ ಮನಿ?
ನಿಮ್ಮ ಅಡಗಿಮನಿಗಿಂತ ಅಲ್ಲೇ ಚಲೋ ಬರತದ.”

ನಾ ಮಾತಾಡಲಿಲ್ಲ.

ಹನ್ನೊಂದು ವರ್ಷದ ಹಿಂದ
ಎರಡೇ ದಿನದಾಗ ಎದ್ದ ಗ್ವಾಡಿ ಅದು.
ನಾಕಿಂಚಿನ ಇಟ್ಟಂಗಿ.
ಅಣ್ಣ ಆ ತುದಿ, ತಮ್ಮ ಈ ತುದಿ,
ನಡುವ ಸೂತದ ದಾರ ಹಿಡದಿದ್ರು.
ಒಬ್ಬರ ಮಾರಿ ಒಬ್ಬರು ನೋಡಲಿಲ್ಲ.
ಗಿಲಾವು ನಮ್ಮ ಕಡಿ ಅಷ್ಟೇ ಆಗ್ಯದ.
ಆಚಿ ಕಡಿ ನಾ ನೋಡಿಲ್ಲ.
ನೆಗೆಣ್ಣಿ ಇಂದುಮತಿ ಕೆಮ್ಮಿದ್ರ ಕೇಳತದ.
ಅಕಿ ಮಗಳು ಪಾಠ ಓದೂದು ಕೇಳತದ,
ನಡುನಡುವ “ನೆಟ್ಟು ಮುಗೀತವ್ವಾ” ಅನ್ನೂದೂ.

ರೇವಪ್ಪ ಒಂದು ಚೀಟಿ ಕೊಟ್ಟು ಹೋದ.
ಬಿಲ್ಲು ಮರಾಠಿಯೊಳಗ, ಪಾಸ್‌ವರ್ಡ್ ಇಂಗ್ಲಿಷಿನ್ಯಾಗ.
ಸಂಜಿಮುಂದ ಆ ಗ್ವಾಡಿಗೆ ಮಾರಿ ಮಾಡಿ ಕುಂತು
ಒಂದೊಂದೇ ಅಕ್ಷರ ಜೋರಲೆ ಓದಿನಿ.
ಗಂಡಗ ಕೇಳಲಿ ಅಂತ, ಎರಡು ಸಲ.
ಅವರು ಅಕ್ಕಲಕೋಟಿಗೆ ಹೋಗಿದ್ರು.

ಈಗ ತಿಂಗಳಾತು. ನಿನ್ನಿ ಮಗ ಅಂದ,
“ಅವ್ವಾ, ರೂಟರಿನ್ಯಾಗ ನಾಕು ಫೋನ್ ಕಾಣತಾವ,
ನಾವು ಇರೂದು ಮೂರು ಮಂದಿ.
ಪಾಸ್‌ವರ್ಡ್ ಬದಲಿ ಮಾಡಲೇನು?”
ಮಷೀನ್ ನಿಲ್ಲಿಸಲಾರದೇ ಅಂದೆ:
ಬ್ಯಾಡ.
ಅದಕ ಲೆಕ್ಕ ಬರತದ.