ಮೇಲಿನ ಹಲಗೆ

ಚಿರೋಟಿ ರವೆಯಲ್ಲಿ ಹುಳ ಬಲೆ ಕಟ್ಟಿತ್ತು.
ಒಂದು ಪತಂಗ ಆಗಲೇ ದೀಪದ ಸುತ್ತ.
ಅಂದರೆ, ಮುಗಿಯಿತು ಭಾನುವಾರ.

ಜೀಲಾಂಗಿನ ಈ ಹಳೇ ಮನೆಯ ಉಗ್ರಾಣ
ಮೊಣಕಾಲೂರಿದರೆ ಮಾತ್ರ ಒಳಗೆ ಬಿಡುತ್ತದೆ.
ಎಲ್ಲ ಹೊರಗೆಳೆದೆ: ಅವಲಕ್ಕಿ ಮೂರು ಪೊಟ್ಟಣ,
ಮೂರೂ ಒಡೆದದ್ದು, ಮೂರಕ್ಕೂ ರಬ್ಬರ್‌ಬ್ಯಾಂಡು.
ಯಾವ ಸಂಭ್ರಮಕ್ಕೆ ತಂದೆನೋ, ಎರಡು ಕಿಲೋ ಮೆಂತ್ಯ.
ಖಾಲಿ ಡಬ್ಬಿ ಅಲ್ಲಾಡಿಸಿ ಧರಣೇಂದ್ರ ಅಂದ,
"ಇದರಲ್ಲೇನೂ ಹುರುಳಿಲ್ಲ."
ನಾನು ನಗಲಿಲ್ಲ. ವಿನಿಗರ್ ಬಟ್ಟೆ ಕೈಗಿಟ್ಟೆ.

ಅವನು ಹುಳ ಕೊಲ್ಲುವವನಲ್ಲ.
ಕಾಗದದ ಮೇಲೆ ಒಂದೊಂದನ್ನೇ ಹೊತ್ತು
ಹಿತ್ತಿಲ ಬೇಲಿಯ ತನಕ ಹೋಗಿ ಬಿಟ್ಟುಬಂದ,
ಏಳು ಸಲ.

ಅಷ್ಟರಲ್ಲಿ ನಾನು ಸ್ಟೂಲು ಹತ್ತಿದೆ.
ಮೇಲಿನ ಹಲಗೆಯ ಮೂಲೆಗೆ ಕೈ ಹೋದದ್ದು ಇದೇ ಮೊದಲು.
ಜಿಡ್ಡು ಹಿಡಿದ ಗಾಜಿನ ಶೀಶೆ. ಮೈಮೇಲೊಂದು ಚೀಟಿ,
ಪೆನ್ಸಿಲ್ಲಿನ ಬಾಗಿದ ಅಕ್ಷರ:
ಪ್ಲಮ್ ಜಾಮ್. ಹಿತ್ತಿಲಿನದೇ.
ಸಿಹಿ ಸಾಲದು, ಮುಂದಿನ ವರ್ಷ ನೋಡು.
ನಮಗೆ ಮನೆ ಮಾರಿದ ಡೋರೀನ್ ಬರೆದದ್ದಿರಬೇಕು.

ಹಿತ್ತಿಲಿನದೇ.
ನಾವು ಬಂದದ್ದು ಜುಲೈಯಲ್ಲಿ. ಮರ ಬೋಳು ನಿಂತಿತ್ತು.
ಒಣಗಿದೆ ಅಂದುಕೊಂಡೆವು.
ಕಾರಿಗೂ ಜಾಗ ಬೇಕಿತ್ತು.
ಅವನು ಕಿಟಕಿಯತ್ತ ನೋಡಲಿಲ್ಲ, ನಾನೂ ನೋಡಲಿಲ್ಲ.

ಸಂಜೆಗೆ ಡಬ್ಬಿಗಳೆಲ್ಲ ಹೆಸರು ಹೊತ್ತು ನಿಂತವು:
ತೊಗರಿ, ಉದ್ದು, ಅಲಸಂದೆ, ಮೆಂತ್ಯ, ಮೆಂತ್ಯ.
ಕಡಲೆಯ ಚೀಟಿಗೆ, ಯಾಕೋ, ಇನ್ನೊಂದು ಸಾಲು ಸೇರಿಸಿದೆ:
ರಾತ್ರಿಯೇ ನೆನೆಹಾಕು, ಮರೆತೀಯ.

ಶೀಶೆಯನ್ನು ಒರೆಸಿ, ಚೀಟಿ ಮಾತ್ರ ಒದ್ದೆಯಾಗದಂತೆ,
ಧರಣೇಂದ್ರ ಮತ್ತೆ ಮೇಲಕ್ಕೇ ಇಟ್ಟ.
ಸ್ಟೂಲಿನಿಂದ ಇಳಿಯಲು
ಸ್ವಲ್ಪ ಹೊತ್ತು ಹಿಡಿಯಿತು ಅವನಿಗೆ.