ಪಾಡಿಲ್ಲ

ಬ್ಯಾಂಕ್ ರೋಡಿನಲ್ಲಿ ಇದು ಮೂರನೇ ಸುತ್ತು.
ಹಿಂದಿನ ಸೀಟಿನಲ್ಲಿ ಗ್ರೈಂಡರು, ಸೀಟ್‌ಬೆಲ್ಟು ಬಿಗಿದು ಕೂರಿಸಿದ್ದೇನೆ;
ತಿರುವು ಬಂದಾಗೆಲ್ಲ ಒಳಗೆ ಗುಂಡುಕಲ್ಲು ನರಳುತ್ತದೆ.
ಹೊತ್ತು ನಡೆಯುವ ಪ್ರಾಯ ಅಲ್ಲ ನನ್ನದು,
ಅಂಗಡಿಯ ಎದುರೇ ಬೇಕು ಜಾಗ.
ಮೇಲ್ಸೇತುವೆಯ ಅಡಿಯ ನೆರಳೂ ಭರ್ತಿ.
ಮನೆಯಲ್ಲಿ ಉದ್ದು ನೆನೆದು ಕೂತಿದೆ.

‘ಎಲ್ಲಿದ್ದೀರಿ?’ ಫೋನಿನಲ್ಲಿ ಜಲಜಾಕ್ಷಿ.
‘ಅಂಗಡಿಯ ಎದುರೇ.’
ಸುಳ್ಳಲ್ಲ,
ಎರಡು ಕ್ಷಣದ ಮಟ್ಟಿಗೆ.

ಗೋಡೆಯ ಮೇಲೆ ಹಳದಿ ಬೋರ್ಡು:
‘ಇವಿಡೆ ಪಾರ್ಕಿಂಗ್ ಪಾಡಿಲ್ಲ.’
ಬರೆದವನು ಮಲಯಾಳದ ಮಾತಿಗೆ ಕನ್ನಡದ ಅಕ್ಷರ ತೊಡಿಸಿ
ಎದ್ದು ಹೋಗಿದ್ದಾನೆ.
ಪಾಡಿಲ್ಲವಂತೆ!
ಅದರ ಬುಡದಲ್ಲೇ ಹನ್ನೊಂದು ಕಾರು
ತಮ್ಮ ಪಾಡಿಗೆ ತಾವು ನಿಂತಿವೆ.
ಪಾಡೆಲ್ಲ ನನ್ನದು.

ಒಬ್ಬ ಬಂದ, ಕಾರಿಗೆ ಒರಗಿದ, ಕೈ ಜೇಬಿಗೆ ಹೋಯಿತು.
ಬ್ರೇಕು ಒತ್ತಿದೆ, ಇಂಡಿಕೇಟರು ಹಾಕಿದೆ,
ಹಿಂದಿನಿಂದ ಏಳು ಹಾರನ್ನು ಬೈದವು.
ತೆಗೆದದ್ದು ಬೀಡಿ.

ನಾಲ್ಕನೇ ಸುತ್ತಿಗೆ ಚಾತು ಮಣಿಯಾಣಿಯೇ ಅಂಗಡಿಯಿಂದ ಇಳಿದು ಬಂದ,
ಕೈಯಲ್ಲಿ ಸ್ಕ್ರೂಡ್ರೈವರು, ಕೊರಳಲ್ಲಿ ಗ್ರೈಂಡರಿನ ಹೊಸ ಬೆಲ್ಟು.
‘ನಿಲ್ಲಿಸಬೇಡಿ ಮಾಷ್ಟ್ರೇ, ಓಡಿಸಿ’ ಅಂತ ಹಿಂದೆ ಹತ್ತಿದ.
ಫೋರ್ಟ್ ರೋಡಿನ ತಿರುವಿಗೆ ಮೂರು ಸ್ಕ್ರೂ ಬಿಚ್ಚಿತು,
ನಾಲ್ಕನೆಯದು ಸೀಟಿನಡಿ ಬಿತ್ತು. ಬೈಗುಳ ಅರ್ಧ ತುಳು, ಅರ್ಧ ಮಲಯಾಳ.
ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಸಿಗ್ನಲ್ಲು ಕೆಂಪಾದಾಗ
ಬೆಲ್ಟನ್ನು ಚಕ್ರಕ್ಕೆ ಹತ್ತಿಸಿದ.
ಐದನೇ ಸುತ್ತು ಮುಗಿಯುವಾಗ
ಹತ್ತಿದಲ್ಲೇ ಇಳಿದ.

‘ದುಡ್ಡೆಷ್ಟು?’ ಕೂಗಿದೆ ಕಿಟಕಿಯಿಂದ.
ಹಿಂದಿನ ಬಸ್ಸು ಆಗಲೇ ನನ್ನನ್ನು ಅಟ್ಟಿಕೊಂಡು ಹೊರಟಿತ್ತು.
‘ಬರುತ್ತೀರಲ್ಲ,’ ಅಂದ, ‘ಮುಂದಿನ ಸುತ್ತಿಗೆ.’