ಕಳೆದ ಎರಡು ವಾರಗಳಲ್ಲಿ

ಫಾರಮು ಎರಡು ಭಾಷೆಯಲ್ಲಿದೆ,
ಬಲದಿಂದ ಓದುವವರಿಗೊಂದು, ಎಡದಿಂದ ಓದುವವರಿಗೊಂದು.
ನಮ್ಮವರಿಗೆ ನಾನು.
ಶಾರ್ಜಾದ ರೋಲಾದಲ್ಲಿ, ಎರಡನೇ ಮಹಡಿಯ ಈ ಕೋಣೆಯಲ್ಲಿ
ಒಂಬತ್ತು ಪ್ರಶ್ನೆಗಳನ್ನು ಕನ್ನಡಕ್ಕೆ ಇಳಿಸುವ ಕೆಲಸ
ಸಂಬಳದ ಚೀಟಿಯಲ್ಲಿಲ್ಲ;
ಉಳ್ಳಾಲದವಳೆಂದು ಗೊತ್ತಾದ ದಿನ ತಾನಾಗಿ ಮೈಮೇಲೆ ಬಂತು.

ನಿಹ್ಲಾಗೆ ಹದಿನಾಲ್ಕು. ಅವಳ ಸಕ್ಕರೆಗೆ ಆರು.
ಉಮ್ಮನ ಚೀಲದಲ್ಲಿ ಖರ್ಜೂರ, ಜ್ಯೂಸಿನ ಡಬ್ಬಿ, ಸೂಜಿಯ ಪೊಟ್ಟಣ.
ಮಗಳ ಕಿಸೆಯಲ್ಲಿ ಅವಳದೇ ಮುಷ್ಟಿ.

"ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ನಿನಗೆ..."
ಇಲ್ಲಿಗೆ ಬಂದು ನನ್ನ ನಾಲಿಗೆ ನಿಲ್ಲುತ್ತದೆ.
ಖಿನ್ನತೆ ಎಂಬುದು ಪೇಪರಿನ ಭಾನುವಾರದ ಪುಟದ ಮಾತು,
ಯಾರ ಮನೆಯ ಊಟದ ಹೊತ್ತಿಗೂ ಬಂದು ಕೂತದ್ದಿಲ್ಲ.
ಇರುವುದು ಬೇಜಾರು.
ಬಸ್ಸು ತಪ್ಪಿದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು,
ಬೇಜಾರು ಮಾಡ್ಕೊಬೇಡಿ ಎಂದೇ ಸಾಲ ಕೇಳುತ್ತಾರೆ.
ಅಷ್ಟು ಸವೆದ ನಾಣ್ಯ ಕೊಟ್ಟು
ಇಷ್ಟು ದುಬಾರಿ ಉತ್ತರ ಹೇಗೆ ಕೇಳಲಿ?

ನಿದ್ದೆ ಬರ್ತದಾ?
"ಬರ್ತದೆ ಬಾಯಿ, ಹಗಲೂ ಮಲಗಿಯೇ ಇರ್ತಾಳೆ," ಉಮ್ಮನ ಉತ್ತರ.
ಸುಸ್ತು?
ಸಕ್ಕರೆ ಏರಿದರೂ ಸುಸ್ತು, ಇಳಿದರೂ ಸುಸ್ತು.
ಹಸಿವು?
ಅನ್ನವನ್ನು ತಕ್ಕಡಿಯಲ್ಲಿ ತೂಗಿ ಬಡಿಸುವ ಮನೆಯಲ್ಲಿ
ಹಸಿವಿನ ಅಭಿಪ್ರಾಯ ಯಾರಿಗೆ ಬೇಕು.
ಯಾವುದು ರಕ್ತದ್ದು, ಯಾವುದು ಮನಸ್ಸಿನದು, ಫಾರಮಿಗೆ ತಿಳಿಯದು.
ಎರಡು ಬಾಗಿಲಿನ ಮನೆ; ಕರೆಗಂಟೆ ಒಂದೇ.

ಉಮ್ಮ ತಗ್ಗಿದ ದನಿಯಲ್ಲಿ ಕೇಳುತ್ತಾಳೆ,
"ಇದನ್ನೆಲ್ಲ ಬರೆದಿಟ್ಟರೆ ವೀಸಾಕ್ಕೆ ತೊಂದರೆ ಆಗ್ತದಾ?"

ಸೊನ್ನೆ, ಸೊನ್ನೆ, ಸೊನ್ನೆ.
ಪೆನ್ಸಿಲಿನಲ್ಲಿ ಎಷ್ಟು ದುಂಡಗೆ ಬರೆಯುತ್ತಾಳೆ ಹುಡುಗಿ!

ಅವಳ ಲೆಕ್ಕದ ಪುಸ್ತಕ ಬಿಡಿಸಿದೆ.
ನೂರಾಹತ್ತು, ನೂರಾಹನ್ನೆರಡು, ನೂರಾಹತ್ತು, ನೂರಾಎಂಟು.
ಹದಿನೆಂಟು ವರ್ಷದ ನೌಕರಿಯಲ್ಲಿ
ಇಷ್ಟು ಸಭ್ಯ ರಕ್ತವನ್ನು ಕಂಡವಳಲ್ಲ ನಾನು.
ಎರಡು ವಾರಕ್ಕೂ ಒಂದೇ ಶಾಯಿ, ಒಂದೇ ಓರೆ.
ಮೀಟರಿನ ಗುಂಡಿ ಒತ್ತಿದರೆ
ಹನ್ನೊಂದು ದಿನ ಖಾಲಿ.

ಕೆಳಗೆ ಟ್ಯಾಂಕರ್ ಓಡಿಸಿ ಬಂದ ಅಪ್ಪ
ಕಾರಿನಲ್ಲೇ ನಿದ್ದೆ ಹೋಗಿರಬೇಕು.
"ಪಾರ್ಕಿಂಗಿಗೆ ಇನ್ನೊಂದು ಗಂಟೆಯ ದುಡ್ಡು ಹಾಕಿ ಬನ್ನಿ,"
ಎಂದು ಉಮ್ಮನನ್ನು ಕಳಿಸಿದೆ.
ಎ.ಸಿ.ಯ ಸದ್ದು ಕೋಣೆಯ ತುಂಬ ದೊಡ್ಡದಾಯಿತು.
ನಾನು ಏನೂ ಕೇಳಲಿಲ್ಲ.

"ಉಪವಾಸ ಹಿಡಿಯಬೇಡ ಅಂತ ನೀವೇ ಹೇಳಿದ್ದು," ಎಂದಳು.
"ರಂಜಾನಿನಲ್ಲಿ ಒಂದು ದಿನ ಶಾಲೆಯಲ್ಲಿ ಕೈ ನಡುಗಿತು.
ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡು ಬಿಸ್ಕತ್ತು ತಿಂದೆ.
ಕಟುಂ ಅಂತ ಕೇಳಬಾರದು ಅಂತ
ಮೊದಲು ನಲ್ಲಿಯ ನೀರಲ್ಲಿ ನೆನೆಸಿದೆ.
ಆದರೂ ಯಾರೋ ನಕ್ಕರು."
ಅದು ನಾಲ್ಕು ತಿಂಗಳ ಹಿಂದಿನದು.
ಎರಡು ವಾರದ ಕೋಷ್ಟಕದಲ್ಲಿ ಅದಕ್ಕೆ ಮನೆ ಇಲ್ಲ.

ಒಂಬತ್ತನೆಯದನ್ನು ನಾನು ಕಾಗದ ನೋಡಿ ಓದುವುದಿಲ್ಲ.
ಕಾಗದ ಮಗುಚಿ ಇಟ್ಟೆ.
ನಾನೇ ಇಲ್ಲದಿದ್ದರೆ ಸಾಕಿತ್ತು ಅಂತ
ಯಾವತ್ತಾದರೂ ಅನ್ನಿಸಿತಾ ಮಗಾ?

ಕಿಸೆಯಿಂದ ಮುಷ್ಟಿ ಹೊರಬಂತು,
ಬೆರಳ ತುದಿಗಳಲ್ಲಿ ಹಳೆಯ ಚುಕ್ಕಿಗಳು; ಹೊಸದು ಒಂದೂ ಇಲ್ಲ.
"ಸಾಯುವುದು ಅಂತಲ್ಲ ಬಾಯಿ.
ಒಂದು ದಿನ ಏನನ್ನೂ ಎಣಿಸದೆ ಇರಬೇಕು.
ಚಪಾತಿ, ಗಂಟೆ, ಯುನಿಟ್ಟು, ಯಾವುದೂ.
ಅದಕ್ಕೆ ಬೇರೆ ದಾರಿ ಕಾಣಲಿಲ್ಲ."

ಎಷ್ಟು ದಿನ ಹಾಗನ್ನಿಸಿತು ಎಂದು ಕೇಳಬೇಕು, ನಿಯಮ.
ಕೇಳಿದೆ.
"ಎಣಿಸಿಲ್ಲ," ಅಂದಳು.
ಆಮೇಲೆ ಇಬ್ಬರಿಗೂ ಅದು ಕೇಳಿಸಿತು.
ಅವಳ ತುಟಿಯ ಒಂದು ಬದಿ ಅಲುಗಿತು,
ನಗು ಎನ್ನುವಷ್ಟಿರಲಿಲ್ಲ.

ಡಾಕ್ಟರಿಗೆ ಫೋನು ಮಾಡಿದೆ. ಈಗಲೇ, ನಾಳೆಯಲ್ಲ.
ರಬ್ಬರು ಕೊಟ್ಟೆ.
ಸೊನ್ನೆಗಳನ್ನು ಎಷ್ಟು ಒತ್ತಿ ತಿಕ್ಕಿದಳೆಂದರೆ
ಮೂರನೆಯದರ ಹತ್ತಿರ ಕಾಗದ ಹರಿಯಿತು.
ಹೊಸ ಫಾರಮು ತೆಗೆಯುತ್ತಿದ್ದೆ,
ಗಾಜಿನ ಬಾಗಿಲಾಚೆ ಉಮ್ಮ ಬಂದು ನಿಂತಳು,
ಪಾರ್ಕಿಂಗಿನ ಚೀಟಿಯನ್ನು ಎತ್ತಿ ತೋರಿಸುತ್ತಾ:
ಇನ್ನೂ ಐವತ್ತು ನಿಮಿಷ ಇದೆ.